ಹಿತ್ತಲಿನ ಗಿಡಗಳು, ಅವುಗಳ ಹೆಸರುಗಳು: ದಾಖಲೆಯಿಂದ ಹೊರಗುಳಿದ ಒಂದು ಚರಿತ್ರೆ

1

ಕರ್ನಾಟಕದ ಕೃಷಿಚರಿತ್ರೆಯನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಗದ್ದೆ, ಬೆದ್ದಲು, ಕೆರೆ, ತೋಟಗಳನ್ನು ಆಶ್ರಯಿಸಿ ಬೆಳೆದಿವೆ. ಇದಕ್ಕೆ ಕಾರಣ ಸ್ಪಷ್ಟವಾಗಿಯೇ ಇದೆ. ಭೂಮಿಯನ್ನು ಅಳೆದು, ದತ್ತಿ ಬಿಟ್ಟು, ತೆರಿಗೆ ಎತ್ತಿದ ಕಡೆಗಳಲ್ಲೆಲ್ಲ ಬರವಣಿಗೆ ಹುಟ್ಟಿದೆ. ಬರವಣಿಗೆ ಉಳಿದ ಕಡೆಗಳಲ್ಲಿ ಚರಿತ್ರೆಕಾರನಿಗೆ ದಾರಿ ದೊರೆತಿದೆ. ಅಡುಗೆಮನೆಯ ಹಿಂಬಾಗಿಲಿನಿಂದ ಬಾವಿಕಟ್ಟೆಯವರೆಗೆ ಹರಡಿರುವ ಹಿತ್ತಲಾದರೋ ಇಂತಹ ಬರವಣಿಗೆಗೆ ಅಪರೂಪವಾಗಿ ಮಾತ್ರ ವಿಷಯವಾಯಿತು. ಅಲ್ಲಿ ಬೆಳೆದ ಬಸಳೆ, ಬದನೆ, ಕರಿಬೇವು, ಮಲ್ಲಿಗೆಗಳು ಸಂತೆಗೆ ಹೋದುದಕ್ಕಿಂತ ಹೆಚ್ಚಾಗಿ ಮನೆಯ ಒಲೆಗೆ, ದೇವರ ಮುಂದಕ್ಕೆ, ನೆರೆಯವರ ಮಡಿಲಿಗೆ ಹೋದವು. ಅವುಗಳನ್ನು ನೆಟ್ಟು ನೀರೆರೆದವರಲ್ಲಿ ಬಹುಪಾಲು ಹೆಂಗಸರು; ಅವರ ಲೆಕ್ಕವನ್ನು ಯಾವ ಶಾನುಭೋಗನೂ ಬರೆದಿಡಲಿಲ್ಲ.

ಹಾಗಾದರೆ ಹಿತ್ತಲಿನ ಚರಿತ್ರೆಯನ್ನು ತಿಳಿಯುವ ಬಗೆ ಯಾವುದು? ಗಿಡಗಳ ಹೆಸರುಗಳೇ ಇಲ್ಲಿ ನಮಗೆ ಮುಖ್ಯ ಆಕರಗಳಾಗಬಲ್ಲವು ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ. ಈ ಹೆಸರುಗಳನ್ನು ನೆರೆಯ ಭಾಷೆಗಳ ಹೆಸರುಗಳೊಡನೆ ಹೋಲಿಸಿದಾಗ ಗಿಡವೊಂದು ಯಾವ ದಾರಿಯಿಂದ ಬಂದಿತು, ಬಂದಾಗ ಅದನ್ನು ಜನ ಯಾವುದರ ನಂಟನೆಂದು ತಿಳಿದರು ಎಂಬ ಸಂಗತಿಗಳು ಹೊರಬೀಳುತ್ತವೆ. ಇಂತಹ ಹೋಲಿಕೆಗೆ ಕರ್ನಾಟಕದ ಒಳಗಿರುವವರಿಗಿಂತ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿರುವ ಕನ್ನಡ ಸಂಶೋಧಕರಿಗೆ ಹೆಚ್ಚಿನ ಅನುಕೂಲವಿದೆ ಎಂಬುದನ್ನೂ ಮುಂದೆ ಸೂಚಿಸಲಿದ್ದೇವೆ.

2

ಹಿತ್ತಲು ಎಂಬ ಪದ ಹಿಂದು, ಹಿಂಬದಿ ಎಂಬ ಪದಗಳ ಕುಲಕ್ಕೆ ಸೇರಿದ್ದು. ಮನೆಯ ಹಿಂಭಾಗ ಎಂಬುದೇ ಅದರ ಮೂಲಾರ್ಥ. ತೆಲುಗಿನ ಪೆರಡು, ತಮಿಳಿನ ಕೊಲ್ಲೈ, ಮರಾಠಿಯ ಪರಸು ಇವೂ ಇದೇ ಸ್ಥಳವನ್ನು ಸೂಚಿಸುತ್ತವೆ. ಮರಾಠಿಯಲ್ಲಿ ಪರಸಿಗೆ ಬಾಗ್ ಸೇರಿ 'ಪರಸಬಾಗ' ಎಂಬ ಸಮಾಸ ಬಳಕೆಯಲ್ಲಿದೆ. ಕನ್ನಡದಲ್ಲಿ ಅಂತಹ ಸಮಾಸದ ಅಗತ್ಯ ಬೀಳಲಿಲ್ಲ. ಹಿತ್ತಲು ಎಂದೊಡನೆ ಅಲ್ಲಿ ಗಿಡಗಳಿರುತ್ತವೆ ಎಂಬುದು ತಾನಾಗಿ ತಿಳಿಯುತ್ತದೆ. ಮನೆಯ ಮುಂದಿನ ಅಂಗಳದಲ್ಲಿ ತುಳಸಿಕಟ್ಟೆ, ಹೂವಿನ ಗಿಡ. ಹಿಂದೆ ಬಸಳೆಯ ಚಪ್ಪರ, ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಅದರಾಚೆ ಕರಿಬೇವು, ನುಗ್ಗೆ. ಪ್ರದೇಶದಿಂದ ಪ್ರದೇಶಕ್ಕೆ ಗಿಡಗಳು ಬದಲಾದರೂ ಹಂಚಿಕೆಯ ಈ ಕ್ರಮ ಸ್ಥೂಲವಾಗಿ ಒಂದೇ ಬಗೆಯದು.

ಕಲ್ಯಾಣದ ಚಾಲುಕ್ಯರು ಹಾಗೂ ಹೊಯ್ಸಳರ ಕಾಲದ ದತ್ತಿಶಾಸನಗಳಲ್ಲಿ ದೇವರ ಪೂಜೆಗೆಂದು ಹೂದೋಟವನ್ನು ಬಿಟ್ಟ ಉಲ್ಲೇಖಗಳು ಹೇರಳವಾಗಿವೆ. ಭೂಮಿಯನ್ನು ಮತ್ತರು, ಕಮ್ಮಗಳಲ್ಲಿ ಅಳೆದು ಎಲ್ಲೆಗಳನ್ನು ಗುರುತಿಸಿದಂತೆ ತೋಟಗಳನ್ನೂ ಗುರುತಿಸಿದ್ದಾರೆ. ಅಂತಹ ಹೂದೋಟ ದೇವಾಲಯದ ಆಸ್ತಿಯಾದುದರಿಂದ ಕಲ್ಲಿನ ಮೇಲೆ ಬಂದಿತು. ಕಲ್ಯಾಣದ ಅರಸ ಮೂರನೆಯ ಸೋಮೇಶ್ವರನ ಸಂಸ್ಕೃತ ಕೃತಿ ಮಾನಸೋಲ್ಲಾಸದಲ್ಲಿ (1129-31) ಉದ್ಯಾನವು ಅರಸನ ವಿನೋದಗಳಲ್ಲೊಂದಾದ ವನಕ್ರೀಡೆಯ ನೆಲೆಯಾಗಿ ಬಂದಿತು. ದೇವರ ತೋಟ, ಅರಸನ ತೋಟ ಎರಡಕ್ಕೂ ಹೀಗೆ ಬರವಣಿಗೆಯ ಆಸರೆ ದೊರೆಯಿತು. ಗೃಹಸ್ಥನ ಹಿತ್ತಲಿಗೆ ಸಮೀಪವಾದ ಕೃತಿಯನ್ನು ನಾವು ಬೇರೆ ಕಡೆ ಹುಡುಕಬೇಕಾಗುತ್ತದೆ.

3

ಆ ಕೃತಿ ಎರಡನೆಯ ಚಾವುಂಡರಾಯನ ಲೋಕೋಪಕಾರ. ತ್ರಿಷಷ್ಟಿಲಕ್ಷಣ ಮಹಾಪುರಾಣವನ್ನು ಬರೆದ, ಗಂಗರ ಮಂತ್ರಿಯಾಗಿದ್ದ ಚಾವುಂಡರಾಯನಿಂದ ಈತ ಬೇರೆ. ಚಾಲುಕ್ಯ ಚಕ್ರವರ್ತಿ ಇಮ್ಮಡಿ ಜಯಸಿಂಹನ ಆಶ್ರಯದಲ್ಲಿ, 1025ರ ಸುಮಾರಿಗೆ ರಚಿತವಾದ ಈ ಗ್ರಂಥದಲ್ಲಿ ವಾಸ್ತು, ಅಂತರ್ಜಲವನ್ನು ಗುರುತಿಸುವ ವಿಧಾನ, ವೃಕ್ಷಾಯುರ್ವೇದ, ಸುಗಂಧದ್ರವ್ಯ, ಸೂಪಶಾಸ್ತ್ರ, ವೈದ್ಯ ಮೊದಲಾದ ವಿಷಯಗಳು ಬೇರೆ ಬೇರೆ ಅಧ್ಯಾಯಗಳಲ್ಲಿ ಬಂದಿವೆ. ಈ ವಿಷಯಗಳ ಜೋಡಣೆಯೇ ಗಮನಾರ್ಹ. ಮನೆ ಕಟ್ಟುವುದು, ಬಾವಿ ತೋಡುವುದು, ಗಿಡ ನೆಡುವುದು, ಅಡುಗೆ ಮಾಡುವುದು, ರೋಗಕ್ಕೆ ಮದ್ದು ಕೊಡುವುದು ಇವೆಲ್ಲ ಒಂದೇ ಸಂಸಾರದ ಅಂಗಗಳೆಂದು ಗ್ರಂಥಕರ್ತ ಭಾವಿಸಿದ್ದಾನೆ. ಈ ಐದೂ ಕೆಲಸಗಳು ಕೂಡುವ ಸ್ಥಳ ಹಿತ್ತಲಲ್ಲದೆ ಬೇರೊಂದಿಲ್ಲ.

ಲೋಕೋಪಕಾರದ ವೃಕ್ಷಾಯುರ್ವೇದಕ್ಕೆ ದೀರ್ಘವಾದ ಸಂಸ್ಕೃತ ಪರಂಪರೆಯ ಹಿನ್ನೆಲೆಯಿದೆ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಇದಕ್ಕೊಂದು ಅಧ್ಯಾಯವೇ ಮೀಸಲಾಗಿದೆ. ನೆಟ್ಟ ಗಿಡಗಳಿಗೆ ಬೇಸಿಗೆಯಲ್ಲಿ ಬೆಳಿಗ್ಗೆ ಸಂಜೆ ಎರಡು ಹೊತ್ತು, ಚಳಿಗಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ನೆಲ ಒಣಗಿದಾಗ ಮಾತ್ರ ನೀರೆರೆಯಬೇಕೆಂದು ಅಲ್ಲಿ ಹೇಳಿದೆ. ಮರದಿಂದ ಮರಕ್ಕೆ ಇಪ್ಪತ್ತು ಮೊಳದ ಅಂತರ ಉತ್ತಮ, ಹದಿನಾರು ಮಧ್ಯಮ, ಹನ್ನೆರಡು ಕನಿಷ್ಠ. ಶೀತ, ಗಾಳಿ, ಬಿಸಿಲುಗಳಿಂದ ಗಿಡಕ್ಕೆ ರೋಗ ಬಂದು ಎಲೆ ಹಳದಿಯಾದಾಗ, ಚಿಗುರು ಬೆಳೆಯದೆ ನಿಂತಾಗ, ಕೊಂಬೆ ಒಣಗಿದಾಗ ಕೆಟ್ಟ ಭಾಗವನ್ನು ಕೊಯ್ದು, ವಾಯುವಿಳಂಗ, ತುಪ್ಪ, ಕೆಸರುಗಳನ್ನು ಅರೆದು ಬಳಿದು, ಹಾಲು ಬೆರೆಸಿದ ನೀರನ್ನು ಎರೆಯಬೇಕು. ಹೂವು ಹಣ್ಣುಗಳ ಸಮೃದ್ಧಿಗೆ ಹೇಳಿರುವ ಗೊಬ್ಬರದಲ್ಲಿ ಆಡು ಕುರಿಗಳ ಹಿಕ್ಕೆ ಮತ್ತು ಎಳ್ಳು ಮುಖ್ಯ. ಸುರಪಾಲನ ವೃಕ್ಷಾಯುರ್ವೇದ ಇದೇ ವಿಷಯವನ್ನು ವಿಸ್ತರಿಸಿ, ಮನುಷ್ಯರ ರೋಗಗಳಂತೆ ಗಿಡಗಳ ರೋಗಗಳನ್ನೂ ವಾತ, ಪಿತ್ತ, ಕಫಗಳೆಂದು ವಿಂಗಡಿಸುತ್ತದೆ. ಇಂತಹ ತಿಳಿವಳಿಕೆಯನ್ನು ಕನ್ನಡಕ್ಕೆ ತಂದು, ಗೃಹಸ್ಥನ ಕೈಗೆ ಎಟುಕುವಂತೆ ಮಾಡಿದುದು ಚಾವುಂಡರಾಯನ ಹಿರಿಮೆ.

ಈ ಗ್ರಂಥಗಳು ಉಳಿದುಬಂದ ಸ್ಥಳಗಳನ್ನು ಗಮನಿಸಿದರೆ ಹೊರನಾಡಿನ ಪಾತ್ರ ತಿಳಿಯುತ್ತದೆ. ಲೋಕೋಪಕಾರವನ್ನು 1950ರಲ್ಲಿ ಪ್ರಕಟಿಸಿದ್ದು ಮದರಾಸಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯ. ಅದರ ಇಂಗ್ಲಿಷ್ ಅನುವಾದ 2006ರಲ್ಲಿ ಸಿಕಂದರಾಬಾದಿನ ಏಷ್ಯನ್ ಅಗ್ರಿ-ಹಿಸ್ಟರಿ ಫೌಂಡೇಶನ್ನಿನಿಂದ ಹೊರಬಂದಿತು. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದ್ದ ಸುರಪಾಲನ ಹಸ್ತಪ್ರತಿಯನ್ನು 1996ರಲ್ಲಿ ಬೆಳಕಿಗೆ ತಂದುದೂ ಅದೇ ಸಂಸ್ಥೆ. ಮಾನಸೋಲ್ಲಾಸ ಅಚ್ಚಾದುದು ಬರೋಡಾದ ಗಾಯಕವಾಡ ಪ್ರಾಚ್ಯಗ್ರಂಥಮಾಲೆಯಲ್ಲಿ.

4

ಲೋಕೋಪಕಾರದ ಕಾಲದ ಹಿತ್ತಲನ್ನು ಇಂದಿನ ಹಿತ್ತಲಿನೊಡನೆ ಹೋಲಿಸಿದರೆ ಒಂದು ದೊಡ್ಡ ಅಂತರ ಕಣ್ಣಿಗೆ ಬೀಳುತ್ತದೆ. ಚಾವುಂಡರಾಯನ ಅಡುಗೆಯಲ್ಲಿ ಮೆಣಸಿನಕಾಯಿ ಇರಲು ಸಾಧ್ಯವಿಲ್ಲ. 1508ರ ಸುಮಾರಿನ ಮೂರನೆಯ ಮಂಗರಸನ ಸೂಪಶಾಸ್ತ್ರದ ಅಡುಗೆಯೂ ಮೆಣಸಿನಕಾಯಿಯ ಬಳಕೆಗೆ ಹಿಂದಿನದು. ಆ ಕೃತಿ ರಚಿತವಾದ ಎರಡು ವರ್ಷಗಳಲ್ಲಿಯೇ, 1510ರಲ್ಲಿ, ಪೋರ್ಚುಗೀಸರು ಗೋವೆಯನ್ನು ಹಿಡಿದರು. ಅಮೆರಿಕ ಖಂಡದ ಗಿಡಗಳು ಪಶ್ಚಿಮ ಕರಾವಳಿಯ ಬಂದರುಗಳ ಮೂಲಕ ಒಳನಾಡಿಗೆ ಹರಡಲು ದಾರಿಯಾಯಿತು. ಗೋವೆಯಲ್ಲಿ ನೆಲೆಸಿದ್ದ ವೈದ್ಯ ಗಾರ್ಸಿಯಾ ದ ಓರ್ಟಾ ಭಾರತದ ಔಷಧದ್ರವ್ಯಗಳನ್ನು ಕುರಿತ ತನ್ನ ಗ್ರಂಥವನ್ನು 1563ರಲ್ಲಿ ಅಲ್ಲಿಯೇ ಅಚ್ಚು ಮಾಡಿಸಿದ. ಇಂದು ಲಕ್ಷಾಂತರ ಕನ್ನಡಿಗರು ವಾಸವಾಗಿರುವ ಮುಂಬಯಿಯ ದ್ವೀಪವನ್ನು ಗೇಣಿಗೆ ಪಡೆದು ಮನೆತೋಟ ಮಾಡಿಕೊಂಡಿದ್ದವನೂ ಈತನೇ.

ಮೆಣಸಿನಕಾಯಿ, ಸಿಹಿಗುಂಬಳ, ಪರಂಗಿ, ಸೀಬೆ, ಅನಾನಸು, ಗೇರು, ಸೀತಾಫಲ, ಮರಗೆಣಸು, ಆಲೂಗೆಡ್ಡೆ, ಟೊಮೇಟೊ ಇವೆಲ್ಲ ಹೀಗೆ ಕಡಲು ದಾಟಿ ಬಂದವು. ಈ ಹೊಸಬರಿಗೆ ಕನ್ನಡಿಗರು ಹೆಸರಿಟ್ಟ ರೀತಿಯನ್ನು ನಾಲ್ಕು ಬಗೆಗಳಾಗಿ ವಿಂಗಡಿಸಬಹುದು.

ಮೊದಲನೆಯದು, ಹಳೆಯ ಗಿಡವೊಂದರ ನಂಟು ಹೇಳುವ ಬಗೆ. ಖಾರದ ಕಾಯಿ ಮೆಣಸಿನ ನಂಟನಾಗಿ ಮೆಣಸಿನಕಾಯಿ ಎನಿಸಿತು. ತಮಿಳಿನ ಮಿಳಗು-ಮಿಳಗಾಯ್, ಮರಾಠಿಯ ಮಿರೆ-ಮಿರಚಿಗಳಲ್ಲಿಯೂ ಇದೇ ಕ್ರಮವನ್ನು ಕಾಣಬಹುದು. ಹೊಸಬ ಬಲಿತ ಮೇಲೆ ಹಳಬನಿಗೇ ವಿಶೇಷಣ ಬೇಕಾಯಿತು. ಮೆಣಸು ಕೆಲವೆಡೆ ಕರಿಮೆಣಸು, ಕರಾವಳಿಯಲ್ಲಿ ಒಳ್ಳೆಮೆಣಸು ಆಯಿತು. ಆ ಒಂದು ವಿಶೇಷಣದಲ್ಲಿ ಅಡುಗೆಮನೆಯ ಒಂದು ಕ್ರಾಂತಿಯೇ ಅಡಗಿದೆ. ಗೆಣಸಿನ ನಂಟಿನಿಂದ ಮರಗೆಣಸು ಹುಟ್ಟಿದುದೂ ಹೀಗೆಯೇ.

ಎರಡನೆಯದು, ಬಂದ ನಾಡನ್ನು ಅಥವಾ ತಂದ ಜನರನ್ನು ಹೇಳುವ ಬಗೆ. ಸೀಮೆ, ಪರಂಗಿ, ಚೀನಿ ಎಂಬ ವಿಶೇಷಣಗಳು ಈ ವರ್ಗದವು. ಪರಂಗಿ ಎಂಬುದು ಯುರೋಪಿನವರಿಗೆ ಸಲ್ಲುತ್ತಿದ್ದ ಫರಂಗಿ ಎಂಬ ಹೆಸರಿನ ರೂಪಾಂತರ. ಈ ಒಂದೇ ಪದ ಕನ್ನಡದಲ್ಲಿ ಪರಂಗಿಹಣ್ಣು ಎಂದು ಪಪ್ಪಾಯಿಗೂ, ತಮಿಳಿನಲ್ಲಿ ಪರಂಗಿಕ್ಕಾಯ್ ಎಂದು ಸಿಹಿಗುಂಬಳಕ್ಕೂ, ಮಲಯಾಳದಲ್ಲಿ ಪರಂಗಿಮಾವು ಎಂದು ಗೇರುಮರಕ್ಕೂ ಅಂಟಿಕೊಂಡಿದೆ. ಮೂರೂ ಅಮೆರಿಕ ಮೂಲದ ಗಿಡಗಳು. ಮಲಯಾಳದಲ್ಲಿ ಗೇರಿಗೆ ಕಪ್ಪಲ್‌ಮಾವು, ಅಂದರೆ ಹಡಗಿನ ಮಾವು, ಎಂಬ ಹೆಸರೂ ಇದೆ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಲ್ಲಿ ಪ್ರಕಟವಾದ ವಾನ್ ರೀಡನ ಹೋರ್ಟಸ್ ಮಲಬಾರಿಕಸ್ ಈ ಹೆಸರನ್ನು ದಾಖಲಿಸಿದೆ. ಆದರೆ ಇಂತಹ ವಿಶೇಷಣಗಳನ್ನು ಅಕ್ಷರಶಃ ನಂಬುವಂತಿಲ್ಲ. ಸಿಹಿಗುಂಬಳವನ್ನು ಕೆಲವೆಡೆ ಚೀನಿಕಾಯಿ ಎನ್ನುತ್ತಾರೆ. ಗಿಡ ಮಾತ್ರ ಚೀನದ್ದಲ್ಲ. ದೂರದಿಂದ ಬಂದುದು ಎಂಬಷ್ಟನ್ನೇ ಅಂತಹ ಹೆಸರು ಹೇಳುತ್ತದೆ.

ಮೂರನೆಯದು, ತಂದವರ ನುಡಿಯನ್ನೇ ಉಳಿಸಿಕೊಂಡ ಬಗೆ. ಅನಾನಸು, ಬಟಾಟೆ ಎರಡೂ ಪೋರ್ಚುಗೀಸರ ಬಾಯಿಂದ ಬಂದವು. ಪೋರ್ಚುಗೀಸಿನಲ್ಲಿ ಪೇರುಹಣ್ಣಿಗೆ ಸಲ್ಲುವ ಪೇರ ಎಂಬ ಪದ ಮರಾಠಿಯ ಪೇರು, ಉತ್ತರ ಕರ್ನಾಟಕದ ಪೇರಲ, ಕರಾವಳಿಯ ಪೇರಳೆಗಳಲ್ಲಿ ಬೇರೊಂದು ಹಣ್ಣಿನ ಹೆಸರಾಗಿ ಉಳಿದಿದೆ. ಹಳೆಯ ಮೈಸೂರಿನ ಕಡೆ ಅದೇ ಹಣ್ಣು ಸೀಬೆ; ಬಟಾಟೆ ಆಲೂಗೆಡ್ಡೆ. ಗೋವೆಗೆ ಹತ್ತಿರವಾದ ಸೀಮೆಗಳಲ್ಲಿ ಪೋರ್ಚುಗೀಸ್ ಪದಗಳು ಗಟ್ಟಿಯಾಗಿ ನಿಂತುದನ್ನೂ ದಕ್ಷಿಣಕ್ಕೆ ಸರಿದಂತೆ ಅವು ತೆಳುವಾದುದನ್ನೂ ಈ ಹೆಸರುಗಳನ್ನು ನಕ್ಷೆಯ ಮೇಲೆ ಗುರುತಿಸಿ ನೋಡಬಹುದು.

ನಾಲ್ಕನೆಯದು, ರೂಪಗುಣಗಳನ್ನು ನೋಡಿ ಹೊಸದಾಗಿ ಹೆಸರಿಟ್ಟ ಬಗೆ. ಚೆಂಡುಹೂ, ಸುಗಂಧರಾಜ, ಕಾಗದದ ಹೂ ಇದಕ್ಕೆ ನಿದರ್ಶನಗಳು.

5

ಹೆಸರುಗಳ ಹೋಲಿಕೆಯಿಂದ ದೊರೆಯುವ ಫಲಕ್ಕೆ ಅತ್ಯುತ್ತಮ ನಿದರ್ಶನ ಸೀಮೆಬದನೆ. ಇದರ ತವರು ಮೆಕ್ಸಿಕೋ ಹಾಗೂ ಮಧ್ಯ ಅಮೆರಿಕ. ಕನ್ನಡಿಗರಿಗೆ ಇದು ಸೀಮೆಯಿಂದ, ಅಂದರೆ ಹೊರದೇಶದಿಂದ ಬಂದ ಬದನೆ. ತಮಿಳರಿಗಾದರೋ ಇದು ಬೆಂಗಳೂರು ಕತ್ತರಿಕ್ಕಾಯ್, ತೆಲುಗರಿಗೆ ಬೆಂಗಳೂರು ವಂಕಾಯ. ಎರಡಕ್ಕೂ ಬೆಂಗಳೂರಿನ ಬದನೆಕಾಯಿ ಎಂದೇ ಅರ್ಥ. ಬೆಂಗಳೂರಿಗೆ ಹೊರಗಿನದಾದ ಕಾಯಿ ಚೆನ್ನೈಗೂ ಹೈದರಾಬಾದಿಗೂ ಬೆಂಗಳೂರಿನದೇ ಆಗಿ ತಲಪಿತು. ಮೂರು ಭಾಷೆಗಳ ಹೆಸರುಗಳನ್ನು ಒಟ್ಟಿಗೆ ಇಟ್ಟಾಗ ಮಾತ್ರ ಈ ಪಯಣದ ಎರಡು ಹಂತಗಳೂ ತಿಳಿಯುತ್ತವೆ.

ಈ ಪಯಣದ ನಡುವಿನ ನಿಲ್ದಾಣ ಲಾಲ್‌ಬಾಗ್. ಹೈದರಾಲಿ 1760ರಲ್ಲಿ ಆರಂಭಿಸಿ ಟಿಪ್ಪು ಬೆಳೆಸಿದ ಈ ತೋಟವನ್ನು 1800ರಲ್ಲಿ ನೋಡಿದ ಫ್ರಾನ್ಸಿಸ್ ಬುಕನನ್, ಅದನ್ನು ಚೌಕಗಳಾಗಿ ವಿಂಗಡಿಸಿದ್ದರೆಂದೂ ಒಂದು ಚೌಕದಲ್ಲಿ ಗುಲಾಬಿ, ಇನ್ನೊಂದರಲ್ಲಿ ದಾಳಿಂಬೆ ಹೀಗೆ ಒಂದೊಂದರಲ್ಲಿ ಒಂದೊಂದು ಜಾತಿಯ ಗಿಡವಿತ್ತೆಂದೂ ಬರೆದಿದ್ದಾನೆ. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಿಂದ 1908ರವರೆಗೆ ಅದರ ಹೊಣೆ ಹೊತ್ತಿದ್ದ ಜಾನ್ ಕ್ಯಾಮರನ್ ಹೊರದೇಶಗಳ ಅನೇಕ ತರಕಾರಿ, ಹಣ್ಣು, ಹೂಗಳನ್ನು ತರಿಸಿ ಬೆಳೆಸಿದರು. ಸೀಮೆಬದನೆ ಬೆಂಗಳೂರಿಗೆ ಬಂದುದು ಅವರಿಂದಲೇ ಎಂದು ಲಾಲ್‌ಬಾಗಿನ ಚರಿತ್ರೆಯನ್ನು ಬರೆದವರು ಗುರುತಿಸಿದ್ದಾರೆ. 1889ರಲ್ಲಿ ಗಾಜಿನ ಮನೆಗೆ ಶಂಕುಸ್ಥಾಪನೆಯಾದುದೂ ಅವರ ಕಾಲದಲ್ಲಿ. ಅವರ ನಂತರ ಬಂದ ಜರ್ಮನಿಯ ಕ್ರುಂಬಿಗಲ್ ಅದಕ್ಕೆ ಮೊದಲು ಬರೋಡಾ ಸಂಸ್ಥಾನದಲ್ಲಿದ್ದವರು. ಅರಸನ ತೋಟವಾಗಿ ಹುಟ್ಟಿದ ಲಾಲ್‌ಬಾಗ್ ಸಸಿಗಳ ಮಾರಾಟದಿಂದಲೂ ಫಲಪುಷ್ಪ ಪ್ರದರ್ಶನಗಳಿಂದಲೂ ಸಾಮಾನ್ಯರ ಹಿತ್ತಲಿಗೆ ಗಿಡ ಒದಗಿಸುವ ಆಕರವಾಗಿ ಮಾರ್ಪಟ್ಟಿತು.

6

ಇಲ್ಲಿಯವರೆಗೆ ಹೇಳಿದುದರಿಂದ ಒಂದು ಮುಖ್ಯ ಪ್ರಶ್ನೆ ಏಳುತ್ತದೆ. ಹಿತ್ತಲನ್ನು ಅನಾದಿಯಿಂದ ಬದಲಾಗದೆ ಬಂದ ಸಂಪ್ರದಾಯದ ನೆಲೆಯೆಂದು ಭಾವಿಸುವುದು ರೂಢಿ. ಈ ಭಾವನೆ ಎಷ್ಟು ಸರಿ? ಆಯುಧಪೂಜೆಗೆ ಬಾಗಿಲ ಮೇಲೆ ತೋರಣವಾಗುವ ಚೆಂಡುಹೂ ಮೆಕ್ಸಿಕೋದ್ದು. ತಮಿಳರು ಅದನ್ನು ತುಲುಕ್ಕ ಸಾಮಂದಿ, ಅಂದರೆ ತುರುಕರ ಸೇವಂತಿಗೆ, ಎಂದು ಕರೆದು ಹೊರಗಿನದೆಂಬ ನೆನಪನ್ನು ಉಳಿಸಿಕೊಂಡಿದ್ದಾರೆ. ಕನ್ನಡದ ಹೆಸರಿನಲ್ಲಿ ಆ ನೆನಪಿಲ್ಲ. ಮದುವೆಯ ಹಾರದ ಸುಗಂಧರಾಜವೂ ಮೆಕ್ಸಿಕೋದ್ದೇ. ಗುಡಿಯ ಆವರಣದಲ್ಲಿ ಬೆಳೆಯುವ ದೇವಕಣಗಿಲೆ ಮಧ್ಯ ಅಮೆರಿಕದ ಕಡೆಯದು. ನಿತ್ಯಪುಷ್ಪವೆಂದೂ ಕರೆಯಲಾಗುವ ಕಾಶಿಕಣಗಿಲೆಯ ತವರು ಮಡಗಾಸ್ಕರ್. ಕೊನೆಯ ಎರಡು ಹೆಸರುಗಳಲ್ಲಿ ಜನರ ಬುದ್ಧಿ ಕೆಲಸ ಮಾಡಿದ ರೀತಿ ಗಮನಾರ್ಹ. ಹಳೆಯ ಕಣಗಿಲೆಯ ನಂಟನ್ನು ಹೇಳಿ, ಅದರ ಮೇಲೆ 'ದೇವ' ಎಂದೋ 'ಕಾಶಿ' ಎಂದೋ ಸೇರಿಸಿದಾಗ ಪರದೇಶಿ ಗಿಡಕ್ಕೆ ಕುಲವೂ ದೊರೆಯಿತು, ಪಾವಿತ್ರ್ಯವೂ ದೊರೆಯಿತು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಎಲ್ಲರಿಗೂ ತಿಳಿದುದೇ. ಈ ಕಾಶಿಕಣಗಿಲೆಯಿಂದಲೇ 1950ರ ದಶಕದ ಕೊನೆಯ ವೇಳೆಗೆ ಕೆನಡಾ ಹಾಗೂ ಅಮೆರಿಕದ ಪ್ರಯೋಗಾಲಯಗಳಲ್ಲಿ ಅರ್ಬುದ ರೋಗಕ್ಕೆ ಮದ್ದಾಗಬಲ್ಲ ಸಾರಗಳನ್ನು ಬೇರ್ಪಡಿಸಿದರು. ಹತ್ತಿರವಿರುವುದನ್ನು ಕಡೆಗಣಿಸುವ ಮನೋಧರ್ಮವನ್ನು ಗಾದೆ ಹಂಗಿಸುತ್ತದೆ; ಚರಿತ್ರೆಯ ಬರವಣಿಗೆಗೂ ಆ ಹಂಗು ಸಲ್ಲುತ್ತದೆ.

ಹಾಗಾದರೆ ಹಿತ್ತಲಿನಲ್ಲಿ ಸ್ಥಿರವಾಗಿ ಉಳಿದುದು ಏನು? ನಮ್ಮ ದೃಷ್ಟಿಯಲ್ಲಿ ಅದು ಗಿಡಗಳನ್ನು ಸಾಕುವ ಕ್ರಮ ಮತ್ತು ಬರಮಾಡಿಕೊಳ್ಳುವ ಕ್ರಮ. ಬುಡಕ್ಕೆ ಪಾತಿ ಕಟ್ಟುವುದು, ಅಕ್ಕಿ ತೊಳೆದ ನೀರನ್ನು ಚೆಲ್ಲದೆ ಗಿಡಕ್ಕೆ ಎರೆಯುವುದು, ಹುಳು ಬಿದ್ದ ಎಲೆಗೆ ಒಲೆಯ ಬೂದಿ ಉದುರಿಸುವುದು, ಬಳ್ಳಿಗೆ ಹಂಬು ಹಬ್ಬಲು ಚಪ್ಪರ ಹಾಕುವುದು, ನೆರೆಮನೆಯಿಂದ ಕೊಂಬೆ ತಂದು ಊರುವುದು. ಮನೆಯಲ್ಲಿ ಮಿಕ್ಕುದನ್ನು ಮಣ್ಣಿಗೆ ಹಿಂದಿರುಗಿಸುವ, ರೋಗ ಕಂಡ ಭಾಗವನ್ನು ಕೊಯ್ದು ಉಳಿದುದನ್ನು ಕಾಪಾಡುವ ವಿವೇಕ ಇಲ್ಲಿಯೂ ಇದೆ, ಶಾಸ್ತ್ರಗ್ರಂಥಗಳಲ್ಲಿಯೂ ಇದೆ. ಶಾಸ್ತ್ರದಿಂದ ಬಳಕೆಗೆ ಇಳಿಯಿತೇ, ಬಳಕೆಯಿಂದ ಶಾಸ್ತ್ರಕ್ಕೆ ಏರಿತೇ ಎಂಬ ಚರ್ಚೆಗಿಂತ, ಬರೆಯದೆಯೇ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಸಾಗಿಬಂದ ಈ ವಿದ್ಯೆಯನ್ನು ಚರಿತ್ರೆಯ ಆಕರವೆಂದು ಒಪ್ಪಿಕೊಳ್ಳುವುದು ಮುಖ್ಯ. ಮೆಕ್ಸಿಕೋದ ಹೂವಿಗೂ ಮಡಗಾಸ್ಕರಿನ ಗಿಡಕ್ಕೂ ಪಾತಿ ಕಟ್ಟಿ, ಹೆಸರಿಟ್ಟು, ದೇವರ ಮುಂದೆ ಇಟ್ಟ ಸಂಪ್ರದಾಯ ನಾವು ಸಾಮಾನ್ಯವಾಗಿ ತಿಳಿದಿರುವುದಕ್ಕಿಂತ ಹೆಚ್ಚು ಉದಾರವಾದುದು.

7

ಈ ವಿದ್ಯೆ ಹೊರನಾಡ ಕನ್ನಡಿಗರೊಡನೆ ಪಯಣ ಮಾಡಿದೆ. ಹಿತ್ತಲಿಲ್ಲದ ನಗರದಲ್ಲಿ ಅದು ಚಾಳಿನ ಮೊಗಸಾಲೆಯ ಎಣ್ಣೆಡಬ್ಬಕ್ಕೆ, ಬಹುಮಹಡಿ ಕಟ್ಟಡದ ಕಿಟಕಿಯ ಕುಂಡಕ್ಕೆ ಇಳಿದಿದೆ. ತುಳಸಿ, ದೊಡ್ಡಪತ್ರೆ, ಕರಿಬೇವು, ಒಂದೆಲಗ, ಬಸಳೆ ಇವು ಹೀಗೆ ಉಳಿದ ಗಿಡಗಳು. ಗಿಡ ಉಳಿದರೂ ಹೆಸರು ಉಳಿಯುತ್ತದೆಂಬ ಭರವಸೆಯಿಲ್ಲ. ದಕ್ಷಿಣ ಕನ್ನಡ, ಉಡುಪಿಗಳ ಕಡೆಯಿಂದ ಮುಂಬಯಿಗೆ ಬಂದ ಮನೆಯ ಬಸಳೆ ಮಾರುಕಟ್ಟೆಯಲ್ಲಿ ಮಾಯಾಳು ಆಗುತ್ತದೆ, ದೆಹಲಿಯಲ್ಲಿ ಪೋಯಿ ಆಗುತ್ತದೆ. ದೊಡ್ಡಪತ್ರೆಯನ್ನು ಮರಾಠಿಯಲ್ಲಿ ಪಾನ್ ಓವಾ, ತೆಲುಗಿನಲ್ಲಿ ವಾಮು ಆಕು, ತಮಿಳಿನಲ್ಲಿ ಕರ್ಪೂರವಳ್ಳಿ ಎನ್ನುತ್ತಾರೆ. ಮರಾಠಿ, ತೆಲುಗುಗಳು ಅದರಲ್ಲಿ ಓಮದ ವಾಸನೆಯನ್ನು ಗುರುತಿಸಿವೆ, ತಮಿಳು ಕರ್ಪೂರದ ವಾಸನೆಯನ್ನು. ಕನ್ನಡ ಎಲೆಯ ಗಾತ್ರವನ್ನು ಹಿಡಿದಿದೆ. ಒಂದೇ ಗಿಡವನ್ನು ನಾಲ್ಕು ಜನಾಂಗಗಳು ಮೂರು ಬಗೆಯಲ್ಲಿ ಕಂಡ ಈ ಸಂಗತಿ ಭಾಷಾಶಾಸ್ತ್ರಕ್ಕೂ ಸಾಮಾಜಿಕ ಚರಿತ್ರೆಗೂ ಅಮೂಲ್ಯವಾದುದು. ಮನೆಯ ಮಕ್ಕಳು ನೆರೆಯ ಹೆಸರನ್ನು ಕಲಿಯುವುದು ಸಹಜ, ಅಪೇಕ್ಷಣೀಯವೂ ಹೌದು. ಆದರೆ ಕನ್ನಡದ ಹೆಸರು ಮರೆಯಾದಾಗ ಹೋಲಿಕೆಯ ಒಂದು ತುದಿಯೇ ಕಳಚಿಬೀಳುತ್ತದೆ.

1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲ್ ಅವರ ನಿಘಂಟು ಸಸ್ಯನಾಮಗಳಿಗೆ ಸಾಕಷ್ಟು ಸ್ಥಳ ನೀಡಿತು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಎಂಟು ಸಂಪುಟಗಳು ಸಾಹಿತ್ಯ, ಶಾಸನಗಳ ಪ್ರಯೋಗಗಳನ್ನು ಒದಗಿಸಿದವು. ಕುಂಡದ ಗಿಡದ ಹೆಸರು ಇವುಗಳಲ್ಲಿ ದೊರೆತರೂ ಆ ಗಿಡ ಮನೆಗೆ ಬಂದ ಕಥೆ ದೊರೆಯುವುದಿಲ್ಲ. ಅದು ಇನ್ನೂ ಜನರ ನೆನಪಿನಲ್ಲಿಯೇ ಇದೆ.

ಆದುದರಿಂದ ಹೊರನಾಡಿನ ಕನ್ನಡ ಪೀಠಗಳೂ ವಿಭಾಗಗಳೂ ತಂತಮ್ಮ ನಗರಗಳಲ್ಲಿ ಒಂದು ಸಣ್ಣ ಸಂಗ್ರಹಕಾರ್ಯವನ್ನು ಕೈಗೊಳ್ಳಬಹುದೆಂದು ನಮ್ಮ ಸೂಚನೆ. ಪ್ರತಿಯೊಂದು ಗಿಡಕ್ಕೂ ನಾಲ್ಕು ಪ್ರಶ್ನೆಗಳು ಸಾಕು. ಮನೆಯಲ್ಲಿ ಇದನ್ನು ಏನೆಂದು ಕರೆಯುತ್ತೀರಿ, ನೆರೆಯವರು ಏನೆನ್ನುತ್ತಾರೆ? ಇದರ ಕೊಂಬೆ ಅಥವಾ ಬೀಜ ಯಾರಿಂದ, ಯಾವ ಊರಿನಿಂದ ಬಂದಿತು? ಇದನ್ನು ಅಡುಗೆ, ಪೂಜೆ, ಮದ್ದುಗಳಲ್ಲಿ ಯಾವುದಕ್ಕೆ ಬಳಸುತ್ತೀರಿ? ನೀರು, ಗೊಬ್ಬರ, ರೋಗಗಳ ವಿಷಯದಲ್ಲಿ ಹಿರಿಯರು ಹೇಳಿದ ಕ್ರಮ ಯಾವುದು? ಉತ್ತರಿಸುವವರು ಬಹುಮಟ್ಟಿಗೆ ಎಪ್ಪತ್ತು ದಾಟಿದ ಹೆಂಗಸರಾಗಿರುತ್ತಾರೆ. ಅವರು ಹೇಳಿದುದನ್ನು ಅವರ ಸೀಮೆಯ ನುಡಿಯಲ್ಲಿಯೇ, ತಿದ್ದದೆ ಬರೆದುಕೊಳ್ಳಬೇಕು. ಮದರಾಸಿನಲ್ಲಿ ಚಾವುಂಡರಾಯನ ಓಲೆಗಳನ್ನು ಓದಿ ಅಚ್ಚಿಗೆ ಸಿದ್ಧಪಡಿಸಿದವರ ಕೆಲಸಕ್ಕೂ ಈ ಕೆಲಸಕ್ಕೂ ಸ್ವರೂಪದಲ್ಲಿ ಭೇದವಿಲ್ಲ. ಓಲೆ ಗ್ರಂಥಾಲಯದಲ್ಲಿ ಕಾಯುತ್ತದೆ. ಈ ಹಿರಿಯರ ನೆನಪಿಗೆ ಅಷ್ಟು ಕಾಲಾವಕಾಶವಿಲ್ಲ. ಈ ಸಂಗ್ರಹವನ್ನು ಮುಂದಿನ ಐದಾರು ವರ್ಷಗಳಲ್ಲಿ ಮಾಡಿ ಮುಗಿಸುವುದು ಅಗತ್ಯ.